ಬತ್ತದ ಹಾಲು

ಸತ್ತೇಗಾಲದ ತವರಿನಲ್ಲಿ ಹೆತ್ತ ಹೆಣ್ಣುಕೂಸು ವಾರ ತುಂಬುವ ಮೊದಲೇ ಕಣ್ಣು ಮುಚ್ಚಿದಾಗ, ರುದ್ರಾಣಿಯ ಅತ್ತೆ ಕೊಳ್ಳೇಗಾಲದಿಂದ ಹೇಳಿಕಳಿಸಿದ್ದು ಇಷ್ಟೇ: "ಕೂಸೇ ಇಲ್ಲದ ಮ್ಯಾಲೆ ಬಾಣಂತನ ಯಾತಕ್ಕೆ? ಇಲ್ಲಿ ನೂಲು ಸುತ್ತೋರಿಲ್ಲದೆ ಮಗ್ಗ ನಿಂತದೆ. ಕಳ್ಸಿಕೊಡಿ."

ಗಂಡ ಜವರಯ್ಯ ಬಂದು ಬಸ್ಸಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಕೂಸಿನ ಮಾತೆತ್ತಲಿಲ್ಲ. ಒಳ್ಳೆಯವನೇ, ಆದರೆ ಅವ್ವ ಹೇಳಿದ್ದನ್ನು ಮಾಡಿ ಅಭ್ಯಾಸವಾಗಿ, ತಾನೇ ಏನಾದರೂ ಹೇಳಬೇಕಾದ ಹೊತ್ತಿನಲ್ಲಿ ಅವನಿಗೆ ಬಾಯಿ ಕಟ್ಟುತ್ತಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹಾಲು ಕಟ್ಟಿದ ಎದೆಯಲ್ಲಿ ಜೀವ ಹೋದಂತಾಗುತ್ತಿತ್ತು. ರುದ್ರಾಣಿ ಸೆರಗು ಬಿಗಿದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಮನೆ ಸೇರಿದಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಮೈದುನನ ಹೆಂಡತಿ ಚೌಡೇಶ್ವರಿ ಹೆತ್ತು ಆಗಷ್ಟೇ ಮಲಗಿದ್ದಳು. ತಾಯಿ ಇಲ್ಲದ ಹುಡುಗಿ, ಅದಕ್ಕೆ ಅವಳ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಗಂಡುಕೂಸು. ಅಳು ಕಿವಿಗೆ ಬಿದ್ದದ್ದೇ ರುದ್ರಾಣಿಯ ರವಿಕೆ ತೊಯ್ದುಹೋಯಿತು. ಅತ್ತೆ ಪುಟ್ಟಸಿದ್ದಮ್ಮ ಅದನ್ನು ನೋಡಿದಳು. ನೋಡಿ, ಬಾಣಂತಿ ಕೋಣೆಯ ಬಾಗಿಲು ಎಳೆದುಕೊಂಡಳು.

ಚೌಡೇಶ್ವರಿಗೆ ಹಾಲು ಸರಿಯಾಗಿ ಇಳಿಯಲೇ ಇಲ್ಲ. ಇಳಿದಷ್ಟೂ ಗಡ್ಡೆಕಟ್ಟಿ, ಎದೆ ಬಾವು ಬಂದು, ಜ್ವರ ಏರಿತು. ಕೂಸಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕತೊಡಗಿದರು. ಅದು ಕುಡಿದಷ್ಟೂ ಕಕ್ಕುತ್ತಿತ್ತು. ಮಗ್ಗದ ಕೋಣೆಯಲ್ಲಿ ರಾಟೆ ತಿರುಗಿಸುತ್ತ ಕೂತ ರುದ್ರಾಣಿ ತಡೆಯಲಾರದೆ ಎದ್ದು ಬಂದು ಬಾಗಿಲ ಬಳಿ ನಿಂತಳು.

"ಅತ್ತೆ, ನನ್ನತ್ರ ಕೊಡಿ. ಸುಮ್ಕೆ ಸೋರೋಯ್ತಾ ಅದೆ."

ಪುಟ್ಟಸಿದ್ದಮ್ಮ ಕೂಸನ್ನು ಎದೆಗವಚಿಕೊಂಡಳು. "ಒಂದು ಕೂಸ ನುಂಗಿದ ಹಾಲು ಅದು. ಇನ್ನೊಂದ ಕೊಟ್ಟೇನಾ? ಓಗಮ್ಮಿ, ಓಗಿ ಕೆಲ್ಸ ನೋಡೋಗು. ಎದೆಗೆ ಮಲ್ಲಿಗೆ ಹೂವ ಕಟ್ಕೊ, ಹಾಲು ಬತ್ತೋಯ್ತದೆ."

ಆವತ್ತಿನಿಂದ ರುದ್ರಾಣಿ ಮಲ್ಲಿಗೆ ಕಟ್ಟಿಕೊಂಡಳು. ನೋವು ತಡೆಯದಾದಾಗ ಹಿತ್ತಲಿಗೆ ಹೋಗಿ ನುಗ್ಗೆಮರದ ಬುಡಕ್ಕೆ ಹಾಲು ಹಿಂಡಿ ಬರುತ್ತಿದ್ದಳು. ಒಳಗೆ ಕೂಸು ಹಸಿದು ಕಿರುಚುವುದು, ಹೊರಗೆ ತಾನು ಮಣ್ಣಿಗೆ ಹಾಲೆರೆಯುವುದು. ಇದಕ್ಕಿಂತ ದೊಡ್ಡ ಪಾಪ ಯಾವುದಿದ್ದೀತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಇಲಿಗಳು ರೇಷ್ಮೆ ಕಡಿಯುತ್ತವೆಂದು ಆ ಮನೆಯಲ್ಲಿ ಒಂದು ಬೆಕ್ಕು ಸಾಕಿದ್ದರು. ಬೂದಿಬಣ್ಣದ ಎಳೆಯ ಬೆಕ್ಕು, ಚೊಚ್ಚಲು ಬಸುರಿ. ಒಂದು ಬೆಳಿಗ್ಗೆ ರುದ್ರಾಣಿ ಮಗ್ಗದ ಕೋಣೆ ಗುಡಿಸುವಾಗ ಮೂಲೆಯ ಗೋಣಿತಾಟಿನ ಮೇಲೆ ಮೂರು ಮರಿ ಬಿದ್ದಿದ್ದವು. ಎರಡು ಸೆಟೆದುಕೊಂಡಿದ್ದವು. ಮೂರನೆಯದು ಉಸಿರಾಡುತ್ತಿತ್ತು. ತಾಯಿಬೆಕ್ಕು ಕಿಟಕಿಯಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ. ರುದ್ರಾಣಿ ಅದನ್ನು ಹಿಡಿದು ತಂದು ಮರಿಯ ಪಕ್ಕ ಮಲಗಿಸಿದಳು. ಮರಿ ಕುರುಡು ಮೂತಿಯಿಂದ ತಡಕುತ್ತ ಹೋಗಿ ಮೊಲೆಗೆ ಬಾಯಿಟ್ಟದ್ದೇ ತಡ, ಬೆಕ್ಕು ಬುಸ್ಸೆಂದು ಅದನ್ನು ಒದ್ದು ಎದ್ದುಹೋಯಿತು. ಮತ್ತೊಮ್ಮೆ ತಂದಳು. ಆಗಲೂ ಅಷ್ಟೇ.

"ನಿನಗೇನೇ ಬಂದದ್ದು ರೋಗ?" ಎಂದು ರುದ್ರಾಣಿ ಬೆಕ್ಕಿಗೆ ಬೈದಳು.

ಮರಿಯ ಮೈ ತಣ್ಣಗಿತ್ತು. ಅವಳು ಅದನ್ನು ರವಿಕೆಯೊಳಗೆ ಇಟ್ಟುಕೊಂಡು ರಾಟೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಅದು ಬೆಚ್ಚಗಾಗಿ ಮಿಸುಕಿತು. ಮೂತಿಯನ್ನು ಎದೆಗೆ ಒತ್ತಿ ಒತ್ತಿ ಹುಡುಕತೊಡಗಿತು. ರುದ್ರಾಣಿ ಎದ್ದು ಹೋಗಿ ತೆಂಗಿನ ಕರಟವೊಂದನ್ನು ತೊಳೆದು, ಹಿತ್ತಲಲ್ಲಿ ಕೂತು ಅದಕ್ಕೆ ಹಾಲು ಹಿಂಡಿದಳು. ದೀಪದ ಬತ್ತಿಯಂತೆ ಹತ್ತಿ ಹೊಸೆದು, ಅದ್ದಿ, ಮರಿಯ ಬಾಯಿಗಿಟ್ಟಳು. ಮೊದಮೊದಲು ಕಟವಾಯಿಯಿಂದ ಹರಿದುಹೋಯಿತು. ಆಮೇಲೆ ಗುಲಾಬಿ ನಾಲಿಗೆ ಬತ್ತಿಯನ್ನು ಸುತ್ತಿಕೊಂಡಿತು. ಮುಂಗಾಲೆರಡೂ ಅವಳ ಬೆರಳನ್ನು ಹಿಡಿದು ಒತ್ತುತ್ತಿದ್ದವು, ಒಂದಾದ ಮೇಲೊಂದು.

ಅವಳು ಕಟ್ಟಿಕೊಂಡಿದ್ದ ಮಲ್ಲಿಗೆಯನ್ನು ಬಿಚ್ಚಿ ಬಚ್ಚಲಿಗೆ ಎಸೆದಳು.

ಮರಿ ಸಾಕುವುದು ಸುಲಭದ ಕೆಲಸವಾಗಿರಲಿಲ್ಲ. ಅಂಗಾತ ಹಿಡಿದು ಕುಡಿಸಿದರೆ ಹಾಲು ನೆತ್ತಿಗೇರಿ ಸೀನುತ್ತಿತ್ತು. ಬೋರಲು ಹಿಡಿದೇ ಕುಡಿಸಬೇಕು. ಕುಡಿದ ಮೇಲೆ ಹೊಟ್ಟೆ ಉಬ್ಬಿಕೊಂಡು ನರಳಿತು. ಯಾಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ತಾಯಿಬೆಕ್ಕುಗಳು ಮರಿಗಳ ಹಿಂಭಾಗ ನೆಕ್ಕುವುದು ನೆನಪಾಗಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದಳು. ಆಗ ಉಚ್ಚೆ ಹೊಯ್ದು ನಿದ್ದೆಹೋಯಿತು. ಜವರಯ್ಯ ಮಗ್ಗದ ಗುಂಡಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಒಮ್ಮೆ ಲಾಳಿ ನಿಲ್ಲಿಸಿ, "ಅವ್ವ ನೋಡುದ್ರೆ..." ಎಂದ.

"ನೋಡ್ಲಿ," ಎಂದಳು ರುದ್ರಾಣಿ. ಅವನು ಮತ್ತೆ ಲಾಳಿ ಎಸೆದ.

ಮರಿ ಕಣ್ಣು ಬಿಡುವ ಹೊತ್ತಿಗೆ ಒಳಗಿನ ಕೂಸಿಗೆ ಭೇದಿ ಹತ್ತಿತು. ಅಳುವ ಶಕ್ತಿಯೂ ಹೋಗಿ ಕುಂಯ್‌ಗುಟ್ಟುತ್ತಿತ್ತು. ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಡಾಕ್ಟರು ಮೈದುನನಿಗೆ, "ಈ ನೀರುಹಾಲು ನಿಲ್ಲಿಸಿ. ಯಾರಾದರೂ ಬಾಣಂತಿ ಹಾಲು ಸಿಕ್ಕೀತಾ ನೋಡಿ, ಇಲ್ಲದಿದ್ದರೆ ಕಷ್ಟ" ಅಂದರಂತೆ. ಪುಟ್ಟಸಿದ್ದಮ್ಮ ನೇಯ್ಗೆಯವರ ಬೀದಿಯೆಲ್ಲ ಅಲೆದು ಬಂದಳು. ಯಾರೂ ಕೊಡಲಿಲ್ಲ, ತಮ್ಮ ಕೂಸಿಗೆ ಸಾಲದು ಅಂದರು. ಆಮೇಲೆ ಮಗ್ಗದ ಕೋಣೆಗೆ ಬಂದು ರಾಟೆಯ ಎದುರು ನಿಂತಳು.

"ನಿಂಗೆ ಹಾಲು ಇನ್ನೂ ಅದಾ?"

"ಅದೆ."

"ಇಷ್ಟು ದಿನಾದ್ರೂ ಬತ್ತಲಿಲ್ವಾ?"

ರುದ್ರಾಣಿ ಸೆರಗಿನಲ್ಲಿ ಸುತ್ತಿದ್ದ ಮರಿಯನ್ನು ತೆಗೆದು ತೋರಿಸಿದಳು. "ಇದ್ಕೆ ಕೊಡ್ತಿದ್ದೆ. ದಿನಾ ಹಿಂಡ್ತಿದ್ದೆ, ಅದ್ಕೇ ಉಳ್ಕಂಡದೆ."

ಪುಟ್ಟಸಿದ್ದಮ್ಮನ ಮುಖ ಕಪ್ಪಿಟ್ಟಿತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಬೆಳೆದವಳು, ಸಿಟ್ಟು ಏರಿದರೆ ತಮಿಳಿನಲ್ಲೇ ಬೈಯುವವಳು. ಈಗ ಯಾವ ಭಾಷೆಯಲ್ಲೂ ಬೈಯಲಿಲ್ಲ. ಹೋಗಿ ಕೂಸನ್ನು ತಂದಳು, ಬೀದಿಬಾಗಿಲು ಹಾಕಿ ಅಗಳಿ ಇಟ್ಟಳು, ರುದ್ರಾಣಿಯ ಮಡಿಲಿಗೆ ಹಾಕಿದಳು.

"ಕುಡ್ಸು. ಯಾರ ಮುಂದಾದ್ರೂ ಉಸುರುದ್ರೆ ನೋಡು."

ಕೂಸು ಮೊದಲು ಬಾಯಿ ತೆರೆಯಲಿಲ್ಲ. ರುದ್ರಾಣಿ ಒಂದೊಂದೇ ಹನಿ ತುಟಿಗೆ ಹಿಂಡಿದಳು. ಆಮೇಲೆ ಅದು ಕಚ್ಚಿಕೊಂಡಿತು. ಹೆತ್ತ ಮಗಳ ಬಾಯಿ ಅವಳ ಎದೆಗೆ ತಾಗಿದ್ದು ನಾಲ್ಕೇ ದಿನ. ಆ ನೆನಪು ಹಾಲಿನ ಜೊತೆ ಹರಿದುಬಂತು, ಅವಳು ಸದ್ದಿಲ್ಲದೆ ಅತ್ತಳು. ಒಳಗೆ ಜ್ವರದಲ್ಲಿ ಮಲಗಿದ್ದ ಚೌಡೇಶ್ವರಿ ಗೋಡೆಯಾಚೆಯಿಂದ, "ಅಕ್ಕ, ಕುಡಿತಾ ಅದಾ?" ಅಂದಳು.

"ಕುಡಿತಾ ಅದೆ ಕಣವ್ವ, ಮನೀಕೊ."

ಕೂಸು ಚೇತರಿಸಿಕೊಂಡಿತು. ಭೇದಿ ನಿಂತಿತು, ಕೆನ್ನೆಗೆ ರಕ್ತ ಬಂತು. ರುದ್ರಾಣಿ ಕೂಸಿಗೆ ಕುಡಿಸಿ, ಉಳಿದದ್ದನ್ನು ಮರಿಗೆ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಕೂಸಿಗೆ ಕುಡಿಸಿ ಮಗ್ಗದ ಕೋಣೆಗೆ ಬಂದರೆ ಗೋಣಿತಾಟು ಖಾಲಿ. ಜವರಯ್ಯನ ಪಾದಕ್ಕೆ ಕೆಂಪುಮಣ್ಣು ಮೆತ್ತಿತ್ತು.

"ಮರಿ ಎಲ್ಲಿ?"

ಅವನು ನೇಯುತ್ತಲೇ ಇದ್ದ. "ನಮ್ಮ ಮೊಮ್ಮಗ ಕುಡಿಯೋ ಹಾಲ ಬೆಕ್ಕೂ ಕುಡಿಬೇಕಾ ಅಂತ ಅವ್ವ... ಕೆರೆ ಏರಿ ಮ್ಯಾಲೆ ಬುಟ್ಟು ಬಂದೆ. ಯಾರಾರ ತಕಂಡೋಯ್ತಾರೆ ಬುಡು."

"ನಡಿಯಕ್ಕೂ ಬರದ ಮರಿ ಅದು. ನಿಂಗೆ ಕೈ ಹೆಂಗೆ ಬಂತು?"

ಅವನು ಹರಿದ ಎಳೆಯೊಂದನ್ನು ಗಂಟು ಹಾಕಿದ. ಅವಳು ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅದೂ ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಬಿಸಿಲಲ್ಲಿ ಬರಿಗಾಲಲ್ಲೇ ಕೆರೆಗೆ ಓಡಿದಳು. ಏರಿಯ ಉದ್ದಕ್ಕೂ ಹುಡುಕಿದಳು, ಲಂಟಾನ ಪೊದೆಗಳನ್ನು ಸರಿಸಿ ಸರಿಸಿ ಕೈ ಗೀರಿಕೊಂಡಳು. ಬೇಲಿಯ ಬುಡದಲ್ಲಿ ಸಿಕ್ಕಿತು. ಈಚೆಗಷ್ಟೇ ತೆರೆದಿದ್ದ ಕಣ್ಣುಗಳಿಗೆ ಗೊದ್ದ ಇರುವೆಗಳು ಮುತ್ತಿಕೊಂಡಿದ್ದವು. ಊದಿದಳು, ಬೆರಳಿನಿಂದ ಒಂದೊಂದಾಗಿ ತೆಗೆದಳು. ಆಮೇಲೆ ತೆಗೆದು ಪ್ರಯೋಜನವಿಲ್ಲವೆಂದು ತಿಳಿಯಿತು. ಹೂಳಲು ಮಣ್ಣು ಕೆದಕುತ್ತಿರುವಾಗ ಮೈದುನ ಏದುಸಿರು ಬಿಡುತ್ತ ಬಂದ.

"ಅತ್ಗೆ, ಕೂಸು ಅಳ್ತಾ ಅದೆ, ಬರ್ಬೇಕಂತೆ."

ಇವತ್ತು ಕೊಡಲಾರೆ ಎಂದುಕೊಂಡಳು. ಸಾಯಲಿ ಎಂದುಕೊಂಡಳು, ನಿಜವಾಗಿಯೂ. ಮನೆಗೆ ಹೋಗಿ, ಕೈ ತೊಳೆದುಕೊಂಡು, ಗೋಡೆಗೊರಗಿ ಕೂತಳು. ಅತ್ತೆ ಕೂಸನ್ನು ಮಡಿಲಿಗೆ ಹಾಕಿದಳು. ಅಳುತ್ತಿದ್ದ ಬಾಯಿಯನ್ನು ನೋಡುತ್ತ ರುದ್ರಾಣಿ ಸ್ವಲ್ಪ ಹೊತ್ತು ಸೆರಗು ಸರಿಸದೆ ಹಾಗೇ ಕೂತಿದ್ದಳು. ಆದರೆ ಎದೆ ಅವಳ ಮಾತು ಕೇಳಲಿಲ್ಲ. ರವಿಕೆ ತೊಯ್ದುಹೋಯಿತು, ಸೆರಗು ಸರಿಸಿ ಕುಡಿಸಿದಳು.

ಮುಂದೆ ಆಸ್ಪತ್ರೆಯಲ್ಲಿ ಚೌಡೇಶ್ವರಿಯ ಬಾವು ಕೊಯ್ದರು. ಜ್ವರ ಇಳಿಯಿತು, ಇನ್ನೊಂದು ಎದೆಯಲ್ಲಿ ಹಾಲು ಕಾಣಿಸಿತು. ಅಂದಿನಿಂದ ಬಾಣಂತಿ ಕೋಣೆಯ ಬಾಗಿಲು ಮತ್ತೆ ಹಾಕಿಕೊಂಡಿತು.

ಹೆಸರಿಡುವ ದಿನ ನೆಂಟರು ತುಂಬಿದ್ದರು. ಕೂಸಿಗೆ ಚೌಡೇಶ ಎಂದು ಹೆಸರಿಟ್ಟರು. ಕೂಸು ಕಳೆದುಕೊಂಡವಳು ತೊಟ್ಟಿಲು ಮುಟ್ಟಬಾರದೆಂದು ರುದ್ರಾಣಿಯನ್ನು ಅಡಿಗೆಮನೆಯಲ್ಲಿ ಇಟ್ಟಿದ್ದರು. ಕಡಲೆಹುಸಲಿಯ ತಟ್ಟೆ ಹಿಡಿದು ಅವಳು ನಡುಮನೆಗೆ ಬಂದಾಗ, ಅತ್ತೆಯ ತಂಗಿ, ಯಳಂದೂರಿನ ಚಿಕ್ಕತ್ತೆ, ಕೇಳುತ್ತಿದ್ದಳು: "ತಾಯಿಗೆ ಹಾಲೇ ಇರ್ಲಿಲ್ಲ ಅಂದ್ರಲ್ಲಕ್ಕ, ಹೆಂಗೆ ಬದುಕಿಸಿದ್ರಿ?"

"ಡಬ್ಬಿ ಹಾಲು ಕಣೆ," ಎಂದಳು ಪುಟ್ಟಸಿದ್ದಮ್ಮ. "ಮೈಸೂರಿಂದ ತರ್ಸಿದ್ವಿ."

ರುದ್ರಾಣಿ ತಟ್ಟೆಯನ್ನು ನೆಲಕ್ಕಿಟ್ಟಳು.

"ಯಾವ ಡಬ್ಬಿ ಅತ್ತೆ? ಎಲ್ಲದೆ, ತೋರ್ಸಿ. ನನ್ನ ಎದೇಲಿ ಕುಡೀತು ಆ ಕೂಸು. ಬೆಕ್ಕಿನ ಮರಿ ಉಳ್ಸಿಕೊಟ್ಟ ಹಾಲ ಕುಡೀತು. ಆ ಮರೀನೂ ಒಯ್ದು ಬಿಸಾಕಿಸಿದ್ರಿ."

ಪುಟ್ಟಸಿದ್ದಮ್ಮ ಗಾಬರಿಯಾಗಲಿಲ್ಲ. ನಿಟ್ಟುಸಿರು ಬಿಟ್ಟು ತಂಗಿಯ ಕಡೆ ತಿರುಗಿದಳು. "ಕೂಸು ಓದಾಗಿಂದ ಇದ್ರ ತಲೆ ನೆಟ್ಟಗಿಲ್ಲ ಕಣೆ. ಬೆಕ್ಕಿಗೆ ಹಾಲು ಕೊಟ್ಟೆ ಅಂತದೆ. ಕೆರೆ ಕಡೆ ಓಡೋಯ್ತದೆ. ಏನ್ಮಾಡನ, ನಮ್ಮ ಕರ್ಮ."

ರುದ್ರಾಣಿ ಚೌಡೇಶ್ವರಿಯನ್ನು ನೋಡಿದಳು. ಅವಳು ಮಡಿಲಲ್ಲಿದ್ದ ಕೂಸಿನ ಟೋಪಿ ಸರಿಪಡಿಸುತ್ತ ತಲೆ ತಗ್ಗಿಸಿದಳು. ರುದ್ರಾಣಿ ತನ್ನ ಗಂಡನನ್ನು ನೋಡಿದಳು. ಎಲೆ ಅಡಿಕೆ ತರುವ ನೆಪದಲ್ಲಿ ಅವನು ಎದ್ದು ಹೊರಗೆ ಹೋದ. ಕೂತಿದ್ದ ಹೆಂಗಸರೆಲ್ಲ ಲೊಚಗುಟ್ಟಿದರು.

ಚಿಕ್ಕತ್ತೆ ಎದ್ದು ಬಂದು, ಅವಳ ಕೆನ್ನೆ ಸವರಿ, ಕೈಗೆ ಕೊಬ್ಬರಿ ಬೆಲ್ಲದ ಚೂರು ಇಟ್ಟಳು. "ಅಳ್ಬ್ಯಾಡ ಕಣವ್ವ. ಇನ್ನೊಂದಾಯ್ತದೆ ಬುಡು."

ರುದ್ರಾಣಿ ಅಳುತ್ತಿರಲಿಲ್ಲ. ಅಡಿಗೆಮನೆಗೆ ಹಿಂದಿರುಗಿ ಒಲೆಯ ಮುಂದೆ ಕೂತಳು. ಮುಂಜಾನೆಯಿಂದ ಅವಳಿಗೆ ಊಟ ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಕೈಯಲ್ಲಿದ್ದ ಕೊಬ್ಬರಿ ಬೆಲ್ಲವನ್ನು ತಿಂದಳು.