ಗಂಗುಲಪ್ಪನ ಟ್ಯಾಕ್ಸಿಯ ಹಾರನ್

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ಕೋದಂಡರಾಮಪ್ಪನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಲೈಟು ಉರಿಯದಿದ್ದರೆ, ಸೆಲ್ಫು ಹೊಡೆಯದಿದ್ದರೆ ಮುಳಬಾಗಿಲು, ಶ್ರೀನಿವಾಸಪುರದ ಗಾಡಿಗಳೂ ಅಲ್ಲಿಗೇ ಬರಬೇಕು. ಬಾರದೆ ಎಲ್ಲಿಗೆ ಹೋದಾವು ಎಂಬುದು ಅವನ ಧೋರಣೆ. ಜಂಬದ ಮನುಷ್ಯ, ನಿಜ. ಆದರೆ ಜಂಬಕ್ಕೆ ತಕ್ಕ ಕೈಯೂ ಇತ್ತು.

ಎಂಬತ್ತೊಂದನೇ ಇಸವಿಯ ಒಂದು ಮಧ್ಯಾಹ್ನ, ಎರಡು ಗಂಟೆಗೆ, ಸುಗಟೂರಿನ ಗಂಗುಲಪ್ಪ ತನ್ನ ಅಂಬಾಸಿಡರ್ ಟ್ಯಾಕ್ಸಿ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮುನಿಶಾಮಮ್ಮ.

"ಅಣ್ಣಾ, ಮೂರು ಗಂಟೆಗೆ ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ನೋಡ್ತಾರೆ. ಬೆಳಗ್ಗಿಂದ ಹಾರನ್ ಉಸಿರೇ ಎತ್ತಿಲ್ಲ. ಇವತ್ತು ಪಾಸಾಗ್ದಿದ್ರೆ ನಾಳೆಯಿಂದ ಗಾಡಿ ರೋಡಿಗಿಳಿಯಂಗಿಲ್ಲ."

"ಅಷ್ಟೇನಾ? ಅರ್ಧ ಗಂಟೆ ಸಾಕು. ಆಗ್ದಿದ್ರೆ ಈ ಬೋರ್ಡ್ ಇಳಿಸಿ ರಾಗಿ ಬೆಳೆಯಕ್ಕೆ ಹೋಗ್ತೀನಿ," ಎಂದ ಕೋದಂಡರಾಮಪ್ಪ. ಪಕ್ಕದ ಟೀ ಅಂಗಡಿಯವರೆಲ್ಲ ಕೇಳುವ ಹಾಗೆಯೇ ಎಂದ.

"ಇನ್ಸ್‌ಪೆಕ್ಟರಾ? ಇವತ್ತೇನಾ?" ಮುನಿಶಾಮಮ್ಮ ಗಾಬರಿಯಿಂದ ಕತ್ತು ಹೊರಗೆ ಹಾಕಿದಳು. "ಅಣ್ಣಾ, ಆ ಗುಂಡಿ..."

"ಸುಮ್ಕಿರಮ್ಮಾ. ಇದು ಕರೆಂಟಿನ ವಿಷ್ಯ."

ಕೋದಂಡರಾಮಪ್ಪನ ಕ್ರಮವೇ ಕ್ರಮ. ಗದ್ದೆಗೆ ನೀರು ಬರದಿದ್ದರೆ ಕೆರೆಯ ತೂಬಿನಿಂದ ಕಾಲುವೆ ಹಿಡಿದು ನಡೆಯಬೇಕು, ನಡುವೆ ಹಾರಬಾರದು ಎನ್ನುತ್ತಿದ್ದ. ಬಾನೆಟ್ ಎತ್ತಿ ಬ್ಯಾಟರಿಯಿಂದ ನೇರವಾಗಿ ಹಾರನ್ನಿಗೆ ಎರಡು ತಂತಿ ಮುಟ್ಟಿಸಿದ. ಭೋಂ! ಟೀ ಕುಡಿಯುತ್ತಿದ್ದವರು ಬೆಚ್ಚಿದರು. ಹಾರನ್ ಗಟ್ಟಿಯಾಗಿದೆ. ಫ್ಯೂಸು ನೋಡಿದ, ಸರಿಯಿದೆ. ಸ್ಟೀರಿಂಗಿನ ಕಡೆಗೆ ಹೋಗುವ ತಂತಿಯನ್ನು ಬುಡದಲ್ಲಿ ಬಿಚ್ಚಿ, ಹಾರನ್ನಿನ ಕಡೆಯ ತುದಿಯನ್ನು ಗಾಡಿಯ ಮೈಗೆ ತಾಗಿಸಿದ. ಗುಂಡಿ ಒತ್ತಿದಾಗ ಆಗುವುದೂ ಇದೇ. ಮತ್ತೆ ಭೋಂ!

"ಸಿಕ್ತು. ಇಲ್ಲೀವರೆಗೂ ಎಲ್ಲಾ ಚೆನ್ನಾಗಿದೆ. ಸ್ಟೀರಿಂಗಿನ ಕೊಳವೆ ಒಳಗೆ ತಂತಿ ಕಟ್ಟಾಗಿದೆ."

"ತಂತಿ ಅಲ್ಲಣ್ಣಾ..." ಎಂದಳು ಮುನಿಶಾಮಮ್ಮ.

"ಲೇ, ನಿಂಗೇನ್ ಗೊತ್ತು? ಬಾಯಿ ಮುಚ್ಕೊಂಡ್ ಕೂತ್ಕೊ," ಎಂದು ಗಂಡ ಗದರಿದ. ಅವಳು ಬಾಯಿ ಮುಚ್ಚಿಕೊಂಡಳು. ಮುಖ ಮಾತ್ರ ಕೆಂಡವಾಗಿತ್ತು.

ಸ್ಟೀರಿಂಗ್ ಬಿಚ್ಚಿ ತಂತಿ ಬದಲಿಸಲು ಒಂದು ಗಂಟೆಯಾದರೂ ಬೇಕು. ಗಡಿಯಾರ ಎರಡೂ ಇಪ್ಪತ್ತೈದು ತೋರಿಸುತ್ತಿತ್ತು. ಕೋದಂಡರಾಮಪ್ಪನಿಗೆ ಮೊದಲ ಸಲ ಬೆವರು ಬಂತು. ಮಾತು ಆಡಿ ಆಗಿತ್ತು, ಊರು ಕೇಳಿ ಆಗಿತ್ತು. ಸ್ಕ್ರೂಡ್ರೈವರ್ ಹಾಕಿ ಸ್ಟೀರಿಂಗಿನ ನಡುವಿನ ಗುಂಡಿಯನ್ನು ಮೇಲೆತ್ತಿದ.

ಗುಂಡಿಯ ಕೆಳಗೆ, ತಾಮ್ರಕ್ಕೆ ತಾಮ್ರ ತಾಗಬೇಕಾದ ಜಾಗದಲ್ಲಿ, ಒಪ್ಪವಾಗಿ ಮಡಿಸಿದ ಒಂದು ಕಾಗದದ ಚೂರು. ಬೆರಳಲ್ಲಿ ತಿಕ್ಕಿ ನೋಡಿದ. ಮೇಣದ ಕಾಗದ. ರೇಷ್ಮೆಯ ಮರಿಹುಳುಗಳ ತಟ್ಟೆಗೆ ಹೊದಿಸುವಂಥದ್ದು. ಅದರೊಳಗೆ ಕರೆಂಟು ತೂರುವುದಿಲ್ಲ. ಅವನು ಮೆಲ್ಲಗೆ ಹಿಂದಿನ ಸೀಟಿನ ಕಡೆ ತಿರುಗಿದ.

"ಹೌದು, ನಾನೇ ಇಟ್ಟಿದ್ದು," ಎಂದಳು ಮುನಿಶಾಮಮ್ಮ. "ಮನೇಲಿ ರೇಷ್ಮೆ ಹುಳ ಎರಡನೇ ಜ್ವರಕ್ಕೆ ಕೂತಿವೆ. ಮೇವು ಬಿಟ್ಟು ಮಲಗಿವೆ. ಸೊಪ್ಪು ಕುಯ್ಯೋ ಕೆಲ್ಸ ಇಲ್ಲ ಅಂತಾನೇ ಇವತ್ತು ಪೇಟೆಗೆ ಬಂದಿದ್ದು. ಅವು ಪೊರೆ ಬಿಡೋವರ್ಗೂ ಮನೇಲಿ ಒಂದು ತಟ್ಟೆ ಕೂಡ ಸದ್ದಾಗಬಾರ್ದು. ಈ ಮಹಾರಾಯ ಗೇಟು ತೆಗೀರಿ ಅಂತ ದಿನಾ ಬಾಗಿಲಲ್ಲಿ ಭೋಂ ಅಂತಾನೆ!"

"ಹುಳಕ್ಕೆ ಕಿವಿ ಎಲ್ಲಿದಾವೆ?" ಗಂಗುಲಪ್ಪ ನಕ್ಕ.

"ನಿಂಗೈತಲ್ಲ? ಮೂರು ದಿನದಿಂದ ಹೇಳ್ತಿದೀನಿ. ಇನ್ಸ್‌ಪೆಕ್ಟರ್ ಇವತ್ತು ಅಂತ ನನಗೊಂದು ಮಾತು ಹೇಳಿದ್ರೆ, ನಾನೇ ತೆಗೀತಿರ್ಲಿಲ್ವಾ?"

ಗಂಗುಲಪ್ಪನ ನಗು ಅಲ್ಲೇ ನಿಂತಿತು. ಕೋದಂಡರಾಮಪ್ಪನಿಗೂ ನಾಚಿಕೆಯಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಗೊತ್ತಿದ್ದವಳು ಎರಡು ಸಲ ಬಾಯಿ ತೆರೆದಿದ್ದಳು, ತಾನು ತಂತಿಯನ್ನು ವಿಚಾರಿಸುತ್ತಿದ್ದ. ಕಾಗದ ತೆಗೆದು ಗುಂಡಿ ಕೂರಿಸಿ, ತಂತಿ ಸೇರಿಸಿದ. "ತಪ್ಪಾಯ್ತು ಕಣಮ್ಮಾ," ಎಂದ. ಗಿರಾಕಿಗೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ನಡೀರಿ, ನಾನೂ ಬರ್ತೀನಿ ಎಂದು ಮುಂದಿನ ಸೀಟಿನಲ್ಲಿ ಕೂತ.

ಮೂರಕ್ಕೆ ಸರಿಯಾಗಿ ಗಾಡಿ ತಪಾಸಣೆಯ ಮೈದಾನದಲ್ಲಿತ್ತು. ಇನ್ಸ್‌ಪೆಕ್ಟರು ಟೈರು ಒದ್ದು ನೋಡಿದರು, ಬ್ರೇಕು ನೋಡಿದರು, ಲೈಟು ನೋಡಿದರು. ಆಮೇಲೆ, "ಎಲ್ಲಿ, ಹಾರನ್ ಹೊಡಿಯಪ್ಪ," ಎಂದರು.

ಗಂಗುಲಪ್ಪ ಕೈ ಎತ್ತಿದವನು ಗುಂಡಿ ಒತ್ತಲಿಲ್ಲ. ಕತ್ತು ತಿರುಗಿಸಿ ಹೆಂಡತಿಯ ಮುಖ ನೋಡಿದ. ಇನ್ಸ್‌ಪೆಕ್ಟರಿಗೆ ಏನೂ ಅರ್ಥವಾಗಲಿಲ್ಲ. ಕೋದಂಡರಾಮಪ್ಪನೂ ಹಿಂದಕ್ಕೆ ತಿರುಗಿದ.

ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಹೇಳಿದಳು: "ಹೊಡಿ. ಇಲ್ಲಿ ಯಾರೂ ಮಲಗಿಲ್ಲ."