ತೊಳೆದ ಅಚ್ಚು

ತರೀಕೆರೆಯಲ್ಲಿ ಕಾಂತರಾಜುವಿನ ಬಲೆ ಅಂಗಡಿ. ನನ್ನ ಗಂಡ ಲಕ್ಕಣ್ಣ ಸೀಸ ಹೊಯ್ಯುವ ಅಚ್ಚುಗಳನ್ನು ಒಂದೊಂದಾಗಿ ಬೆರಳಿನಲ್ಲೇ ನೋಡುತ್ತಿದ್ದರು. ಕಣ್ಣಿದ್ದವರು ಐದು ನಿಮಿಷದಲ್ಲಿ ಮುಗಿಸುವ ಕೆಲಸ. ನನಗೆ ಸಿಟ್ಟು ಬರುತ್ತಿತ್ತು, ಅವರ ಮೇಲಲ್ಲ.

"ಇದರ ಬಾಯಿ ಸಣ್ಣದು ಕಣೋ. ಸೀಸ ತಳ ಮುಟ್ಟೋಕ್ಮುಂಚೆ ಆರೋಗುತ್ತೆ" ಎಂದು ಒಂದನ್ನು ಸರಿಸಿದರು. ಇನ್ನೊಂದರ ಎರಡು ಹೋಳು ಕೂಡಿಸಿ, ಸಂದಿಗೆ ಉಗುರು ಆಡಿಸಿ, "ಇದು ಸರಿಯಾಗಿ ಕೂರಲ್ಲ, ಸೋರ್ತದೆ" ಎಂದರು.

ಲಕ್ಕವಳ್ಳಿ ಹಿನ್ನೀರಿನಲ್ಲಿ ಬೀಸುಬಲೆ ಹಾಕುವವರಿಗೆ, ಬಲೆ ಮುಳುಗಲು ಅಂಚಿಗೆ ಕಟ್ಟುವ ಸೀಸದ ಗುಂಡನ್ನು ಇಪ್ಪತ್ತು ವರ್ಷ ಎರಕ ಹೊಯ್ದು ಕೊಟ್ಟವರು ಇವರು. ಅವರ ಅಪ್ಪನ ಕಾಲದ ಕಲ್ಲಿನ ಅಚ್ಚೊಂದಿತ್ತು. ಹೋದ ವರ್ಷ ಆಯುಧಪೂಜೆಗೆ ಮಚ್ಚು, ಕುಡುಗೋಲಿನ ಜೊತೆ ಅದನ್ನೂ ತೊಳೆದು ಕುಂಕುಮ ಇಟ್ಟವಳು ನಾನು. ಮಾರನೆಯ ದಿನ ಅವರಿಗೆ ಕುಂಕುಮ ಕಂಡಿತು, ತೊಳೆದದ್ದು ಕಾಣಲಿಲ್ಲ. ಕಲ್ಲಿನ ಬಿರುಕಿನಲ್ಲಿ ನೀರು ಉಳಿದಿತ್ತು. ಕಾದ ಸೀಸ ಹೊಯ್ದ ಕೂಡಲೇ ಚಿಮ್ಮಿ ಎರಡು ಕಣ್ಣೂ ಹೋದವು.

"ಅಚ್ಚು ಬಿಸಿ ಮಾಡ್ದೆ ಹೊಯ್ದೆ, ನಂದೇ ತಪ್ಪು" ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದರು. ನಾನು ಬಾಯಿ ಬಿಡಲಿಲ್ಲ. ಅಟ್ಟ ಮೇಲೆ ಒಲೆ ಉರಿದರೇನು ಬಂತು ಎಂದು ಸುಮ್ಮನಾದೆ. ನಿಜವಾಗಿ ಹೇಳುವುದಾದರೆ, ಹೆದರಿದ್ದೆ.

ಕೊನೆಗೆ ಒಂದು ಅಲ್ಯೂಮಿನಿಯಂ ಅಚ್ಚನ್ನು ಎದೆಗೊತ್ತಿ ಹಿಡಿದುಕೊಂಡರು.

"ಎಣ್ಣೆ ಜಿಡ್ಡೈತೆ ಲಕ್ಕಣ್ಣ, ತೊಳ್ದು ಕೊಡ್ಲಾ?" ಎಂದು ಕಾಂತರಾಜು ಕೇಳಿದ.

"ಬ್ಯಾಡ. ಒಂದ್ಸಲ ತೊಳ್ದಿದ್ದೇ ಸಾಕು."

ದುಡ್ಡನ್ನು ಎರಡು ಸಲ ಎಣಿಸಿ ಕಾಂತರಾಜುವಿಗೆ ಕೊಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ: "ಯಾವಾಗಿಂದ ಗೊತ್ತಿತ್ತು?"

"ಚಿಮ್ಮಿದಾಗ್ಲೇ. ನೀರಿಲ್ದೆ ಸೀಸ ಚಿಮ್ಮಲ್ಲ ಕಣೇ." ಅಚ್ಚನ್ನು ನನ್ನ ಮಡಿಲಿಗಿಟ್ಟರು. "ಹಿಡಿಯೋದು ನಾನು, ಹೊಯ್ಯೋದು ನೀನು. ಇನ್ಯಾರವ್ರೆ ನಮ್ಗೆ?"

ಮನೆಗೆ ಬಂದು ಸೀಸ ಕಾಯಿಸಿದೆ. ಅವರು ಅಚ್ಚಿನ ಹಿಡಿಗಳನ್ನು ಎರಡು ಕೈಯಲ್ಲೂ ಹಿಡಿದು ಮುಖ ಆಚೆ ತಿರುಗಿಸಿ ಕೂತರು. ಸೌಟು ಎತ್ತಿದೆ, ಅಚ್ಚಿನ ಬಾಯಿಯವರೆಗೂ ಒಯ್ದೆ. ಇಳಿಸಿದೆ. ಮತ್ತೆ ಎತ್ತಿದೆ. ಮೂರನೇ ಸಲ ಸೀಸ ಸೌಟಿನಲ್ಲೇ ಗಟ್ಟಿಯಾಯಿತು.

"ನನ್ ಕೈಲಾಗಲ್ಲ ಕಣ್ರೀ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಲೆ ಆರಿದ ಮೇಲೂ ಅಚ್ಚನ್ನು ಹಾಗೆಯೇ ಹಿಡಿದು ಕೂತಿದ್ದರು.