ಗಿಡ್ಡಮ್ಮನಿಗೊಂದು ಮುಖ

ಭವಾನಿ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸುತ್ತಲೇ ಇದ್ದಳು. ಹಿಗ್ಗಿದಷ್ಟೂ ಅವ್ವ ಚೂರುಚೂರಾಗುತ್ತಿದ್ದಳು. ಹತ್ತಿ ಬಿಡಿಸುವ ಹೆಂಗಸರ ಸಾಲು. ಕೊನೆಯಲ್ಲಿ ಅವ್ವ ಗಿಡ್ಡಮ್ಮ, ಬಿಸಿಲಿಗೆ ಮುಖದ ತುಂಬ ಸೆರಗು.

ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ ಅವಳ ಹೆಣಕ್ಕೆ ಹೂವು ಏರುತ್ತಿತ್ತು.

"ಮುಖ ಕಾಣೋದು ಒಂದೂ ಇಲ್ಲೇನಕ್ಕಾ? ಸಂಜಿಗೆ ಬಸ್‌ಸ್ಟಾಪಿನಾಗ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಬೇಕಂತಾರ," ಆದೋನಿಯ ಫ್ಲೆಕ್ಸ್ ಅಂಗಡಿಯಿಂದ ಬಂದಿದ್ದ ಶ್ರೀನು ಕೇಳಿದ.

"ಆಧಾರ್ ಐತಲ್ಲ," ಎಂದ ಸೋದರಮಾವ ಗಾದಿಲಿಂಗ.

"ಅದನ್ನ ಹಾಕಿದ್ರ ಪೊಲೀಸ್ರು ಹುಡುಕ್ಕೊಂಡು ಬರ್ತಾರ," ನೆರೆಮನೆಯ ಬಸಲಿಂಗಮ್ಮ ಅಳುತ್ತಲೇ ಅಂದಳು. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

ಭವಾನಿ ನಗಲಿಲ್ಲ. ಫ್ಲೆಕ್ಸು ಊರಿಗೆ ಬೇಕಿತ್ತು; ಅವಳಿಗೆ ಬೇಕಿದ್ದದ್ದು ಅವ್ವ ಮಣ್ಣಾದ ಮೇಲೂ ನೋಡಬಹುದಾದ ಒಂದು ಮುಖ. ಫೋನಿನಲ್ಲಿ ಎರಡು ಸಾವಿರ ಫೋಟೋ ಇದ್ದವು. ಒಂದರ ಮೇಲೆ ಬೆರಳು ನಿಂತಿತು.

*

ಕಳೆದ ಯುಗಾದಿ. ಭವಾನಿಯ ಮಗಳು ಹೊಸ ಲಂಗ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಹೋಳಿಗೆ ತಟ್ಟುತ್ತಿದ್ದ ಗಿಡ್ಡಮ್ಮ ಎದ್ದುಬಂದು, ಸೆರಗು ಸರಿಮಾಡಿಕೊಂಡು ಮೊಮ್ಮಗಳ ಪಕ್ಕ ನಿಂತಳು.

"ಯವ್ವಾ, ಕೊಂಚೆಂ ಸರಿ. ಅಡ್ಡ ಬರ್ತಿ," ಎಂದಳು ಫೋನು ಹಿಡಿದಿದ್ದ ಭವಾನಿ.

"ನಂದೂ ತೆಗಿತಿಯೇನೋ ಅನ್ಕೊಂಡೆ," ಗಿಡ್ಡಮ್ಮ ನಕ್ಕು ಸರಿದಳು. ಇನ್ನೂ ಸರಿ ಎಂದಾಗ ಇನ್ನೂ ಸರಿದಳು.

*

ಆ ಫೋಟೋದ ಅಂಚಿನಲ್ಲಿ ಹಿಟ್ಟು ಮೆತ್ತಿದ ಮೊಣಕೈಯೊಂದು ಉಳಿದಿತ್ತು. ಮಗು ಕ್ಯಾಮೆರಾ ನೋಡದೆ, ಆಚೆ ಸರಿದವಳನ್ನು ನೋಡಿ ನಗುತ್ತಿತ್ತು.

ಶ್ರೀನು ಅಂಗಳಕ್ಕೆ ಹೋಗಿ ಹೆಣದ ಮುಖವನ್ನೇ ಫೋಟೋ ತೆಗೆದುಕೊಂಡು ಬಂದ. ಗದ್ದಕ್ಕೆ ಕಟ್ಟಿದ ಬಟ್ಟೆಯನ್ನು, ತಲೆ ಆನಿಸಿ ಹಿಡಿದಿದ್ದ ಕೈಗಳನ್ನು ಫೋನಿನಲ್ಲೇ ಕತ್ತರಿಸಿದ. ಗೋಡೆ ಹೋಗಿ ನೀಲಿ ಆಕಾಶ ಬಂತು.

"ನಿದ್ದಿ ಹತ್ತಿದಂಗ ಕಾಣ್ತಾಳ," ಎಂದಳು ಬಸಲಿಂಗಮ್ಮ.

"ಕಣ್ಣೂ ತೆರಸ್ತೀನಿ. ಅಕ್ಕಾ, ನಿಮ್ಮ ಕಣ್ಣು ಆಕಿದ್ದಂಗ ಅದಾವು, ಅವನ್ನ ಕೂಡಿಸ್ತೀನಿ. ಲಗೂನ ಬೆಳಕಿಗೆ ಕೂಡ್ರಿ, ಆದೋನಿ ಬಸ್ಸು ಬರ್ತೈತಿ."

ಭವಾನಿ ಕಿಟಕಿಗೆ ಮುಖಮಾಡಿ ಕುಳಿತಳು. ಹೊರಗೆ ಹೆಣದ ಮುಂದೆ ಹಲಗೆ ವಾದ್ಯ ಬಡಿಯತೊಡಗಿದರು.

"ಹೆಣ ಎತ್ತಾಕತ್ಯಾರ, ಬಾರವ್ವಾ!" ಗಾದಿಲಿಂಗ ಕೂಗಿದ.

"ಒಂದು ನಿಮಿಷ. ಅಳಬ್ಯಾಡ್ರಿ ಅಕ್ಕಾ, ಕಣ್ಣು ಕೆಂಪಾದ್ರ ಕೂಡಂಗಿಲ್ಲ," ಎಂದ ಶ್ರೀನು.

ಅವಳು ರೆಪ್ಪೆ ಬಡಿಯಲಿಲ್ಲ. ಶ್ರೀನು ಫೋನನ್ನು ಹತ್ತಿರ, ಇನ್ನೂ ಹತ್ತಿರ ತಂದ. ಹಣೆ ಹೋಯಿತು, ಕೆನ್ನೆ ಹೋಯಿತು, ನಡುಗುತ್ತಿದ್ದ ತುಟಿ ಹೋಯಿತು. ತೆರೆಯ ಮೇಲೆ ಎರಡು ಒಣಗಣ್ಣುಗಳಷ್ಟೇ ಉಳಿದವು. ಹಲಗೆಯ ಸದ್ದು ಓಣಿ ದಾಟುತ್ತಿತ್ತು.